ಬ್ಯಾರೆಂಟ್ಸ್ ಸಮುದ್ರದಲ್ಲಿ ಸುಣ್ಣದ ನೀರು

ನಾರ್ವೆಯ ಉತ್ತರ ತುದಿಯ ಸಮುದ್ರ ಕಪ್ಪು ನೀಲಿ ಅಂದುಕೊಂಡೇ ಹೋಗಿದ್ದೆ. ಆಗಸ್ಟ್‌ನಲ್ಲಿ ಟ್ರೋಮ್ಸೊದಿಂದ ಕಿರ್ಕೆನೆಸ್‌ಗೆ ಹೋಗುವ ಕರಾವಳಿ ಹಡಗು ಹತ್ತಿದೆವು. ನಾರ್ತ್ ಕೇಪ್‌ನ 307 ಮೀಟರ್ ಎತ್ತರದ ಬಂಡೆಯ ಮೇಲೆ, ಕಬ್ಬಿಣದ ಗೋಳದ ಮುಂದೆ ಫೋಟೊಗೆ ಜನ ಮುಗಿಬಿದ್ದಿದ್ದರು. ನನಗೆ ಆ ಜಾಗ ಹಿಡಿಸಲಿಲ್ಲ.

ಅದಾದ ಮೇಲೆ ಹಡಗು ಪೂರ್ವಕ್ಕೆ ಹೊರಳಿತು. ಬಿಸಿಲು ಚೆನ್ನಾಗಿತ್ತು. ನೋಡುತ್ತಿದ್ದಂತೆ ನೀರು ಹಸಿರು ಬೆರೆತ ತಿಳಿ ನೀಲಿಯಾಯಿತು, ಆಮೇಲೆ ಹಾಲು ಸುರಿದಂತೆ ಮಬ್ಬಾಯಿತು. ಕಣ್ಣು ಹಾಯುವಷ್ಟು ದೂರವೂ ಅದೇ ಬಣ್ಣ. ನನಗೆ ಮಾತೇ ಹೊರಡಲಿಲ್ಲ.

ಇದನ್ನು ಡೆಕ್ಕಿನಿಂದಲೇ ನೋಡಬೇಕಾಯಿತು. ಕಿಟಕಿ ಇರುವ ಕ್ಯಾಬಿನ್‌ಗೆ ಜಾಸ್ತಿ ದುಡ್ಡು ಕೊಟ್ಟಿದ್ದೆ, ಆದರೆ ಕಿಟಕಿಯ ತುಂಬ ಲೈಫ್‌ಬೋಟಿನ ಹೊಟ್ಟೆ. ಬುಕ್ ಮಾಡುವ ಮುಂಚೆ ಹಡಗಿನ ನಕ್ಷೆಯಲ್ಲಿ ನಿಮ್ಮ ಕ್ಯಾಬಿನ್ ಮುಂದೆ ಏನಿದೆ ಅಂತ ಖಂಡಿತ ನೋಡಿಕೊಳ್ಳಿ.

ಪಕ್ಕದಲ್ಲಿ ನಿಂತಿದ್ದವರು ಟ್ರೋಮ್ಸೊದ ಸಂಶೋಧಕಿ. "ಇದು ಕ್ಯಾಲ್ಸೈಟ್," ಅಂದರು. ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಒಂದು ಖನಿಜ ರೂಪ. ಅದನ್ನು ಮಾಡುವುದು ಎಮಿಲಿಯಾನಿಯಾ ಹಕ್ಸ್ಲೆಯಿ ಅನ್ನುವ ಒಂದೇ ಕೋಶದ ಪಾಚಿ. ಅಗಲ ಮಿಲಿಮೀಟರಿನ ಸಾವಿರದಲ್ಲಿ ಐದು ಪಾಲು. ಕೋಶದ ಒಳಗೇ ಕ್ಯಾಲ್ಸೈಟ್‌ನ ಪುಟಾಣಿ ಬಿಲ್ಲೆಗಳನ್ನು ಮಾಡಿ ಹೊರಗೆ ತಳ್ಳಿ, ಮೈತುಂಬ ಹೊದ್ದುಕೊಳ್ಳುತ್ತದೆ. ಲೀಟರ್ ನೀರಿನಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೆಳೆದಾಗ, ಉದುರಿದ ಬಿಲ್ಲೆಗಳು ಬೆಳಕನ್ನು ಚದುರಿಸುತ್ತವೆ. ಉಪಗ್ರಹಕ್ಕೂ ಕಾಣುವಷ್ಟು!

ನಮ್ಮ ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು ಅಂತ ನಾನು ಹೇಳಿದೆ. "ಅದೂ ಇದೂ ಕ್ಯಾಲ್ಸಿಯಂ ಕಾರ್ಬೊನೇಟೇ," ಅಂತ ಖುಷಿಪಟ್ಟರು.

"ಇಷ್ಟು ತಣ್ಣೀರಿನಲ್ಲಿ ಚಿಪ್ಪು ಕಟ್ಟೋದು ಕಷ್ಟ ಅಲ್ವಾ?"

"ಕಷ್ಟವೇ. ಈ ಪಾಚಿ ಅಟ್ಲಾಂಟಿಕ್‌ನ ಬೆಚ್ಚನೆಯ ನೀರಿನ ಜೊತೆ ಬರುತ್ತೆ. ಈಚಿನ ದಶಕಗಳಲ್ಲಿ ಇನ್ನೂ ಉತ್ತರಕ್ಕೆ ಹೋಗ್ತಾ ಇದೆ. ನಿಜವಾಗಿ ಧ್ರುವದ್ದು ಅಂದ್ರೆ ಇದು." ಫೋನಿನಲ್ಲಿ ಚಿತ್ರ ತೋರಿಸಿದರು. ನಿಯೊಗ್ಲೊಬೊಕ್ವಾಡ್ರಿನಾ ಪ್ಯಾಕಿಡರ್ಮಾ, ಎಡಕ್ಕೆ ಸುತ್ತಿಕೊಂಡ ಚಿಪ್ಪಿನ ಫೊರಾಮಿನಿಫೆರಾ, ಅಂದರೆ ಚಿಪ್ಪು ಕಟ್ಟುವ ಒಂದೇ ಕೋಶದ ಜೀವಿ. ಮರಳಿನ ಸಣ್ಣ ಕಣದಷ್ಟು. ಒಂದೊಂದೇ ಕೋಣೆ ಕಟ್ಟುತ್ತಾ ಬೆಳೆದು, ಆಳಕ್ಕೆ ಇಳಿದಾಗ ಮೇಲೊಂದು ದಪ್ಪ ಪದರ ಹಾಕಿಕೊಳ್ಳುತ್ತದೆ. ಅಂಟಾರ್ಕ್ಟಿಕಾದಲ್ಲಿ ಸಮುದ್ರದ ಮಂಜುಗಡ್ಡೆಯೊಳಗಿನ ಉಪ್ಪುನೀರಿನ ಸಂದುಗಳಲ್ಲೂ ಬದುಕುತ್ತದಂತೆ! ಸತ್ತ ಮೇಲೆ ಚಿಪ್ಪು ತಳದ ಕೆಸರು ಸೇರುತ್ತದೆ. ಅದರಲ್ಲಿರುವ ಆಮ್ಲಜನಕದಿಂದ ಸಾವಿರಾರು ವರ್ಷದ ಹಿಂದೆ ನೀರು ಹೇಗಿತ್ತು ಅಂತ ಇವರು ಲೆಕ್ಕ ಹಾಕುತ್ತಾರೆ.

ಹಾಗಾದರೆ ಚಿಪ್ಪು ಕಟ್ಟಿದಷ್ಟೂ ಗಾಳಿಯ ಇಂಗಾಲ ಕಡಿಮೆಯಾಗುತ್ತದೆ ಅಂತ ಖುಷಿಯಾಯಿತು. ಅವರು ಹಾಗಲ್ಲ ಅಂತ ತಲೆಯಾಡಿಸಿದರು. ಚಿಪ್ಪಿಗೆ ಬಳಕೆಯಾಗುವುದು ನೀರಿನಲ್ಲಿ ಕರಗಿದ ಬೈಕಾರ್ಬೊನೇಟ್ ಅನ್ನುವ ಇಂಗಾಲದ ರೂಪ. ಅಂಥ ಎರಡರಲ್ಲಿ ಒಂದರ ಇಂಗಾಲ ಚಿಪ್ಪಿಗೆ, ಇನ್ನೊಂದರದ್ದು ಇಂಗಾಲದ ಡೈಆಕ್ಸೈಡ್ ಆಗಿ ನೀರಿಗೇ ವಾಪಸ್. ಆದರೆ ಸತ್ತ ಪಾಚಿಯ ಚೂರುಗಳಿಗೆ ಇದೇ ಸುಣ್ಣ ಭಾರ ಕೊಟ್ಟು ಆಳಕ್ಕೆ ಎಳೆಯುತ್ತದೆ. ಆ ಇಂಗಾಲ ಬೇಗ ಮೇಲೆ ಬರುವುದಿಲ್ಲ.

ತಣ್ಣೀರು ಗಾಳಿಯ ಇಂಗಾಲವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ನೀರಿನ ಆಮ್ಲೀಯತೆ ಏರಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಮ್ಮಿಯಾಗುತ್ತದೆ. ದಕ್ಷಿಣ ಮಹಾಸಾಗರದ ಒಂದು ಫೊರಾಮಿನಿಫೆರಾದ ಈಗಿನ ಚಿಪ್ಪುಗಳು ಕೆಸರಿನ ಹಳೇ ಚಿಪ್ಪುಗಳಿಗಿಂತ ಶೇ. 30–35ರಷ್ಟು ಹಗುರ ಅಂತ 2009ರಲ್ಲೇ ಗೊತ್ತಾಗಿತ್ತು.

"ಅದು ಬೇರೆ ಜಾತಿ, ಬೇರೆ ಸಾಗರ," ಅಂದರು. "ಈ ಎಡಸುರುಳಿಯದ್ದು ಇಲ್ಲಿ ಎಷ್ಟು ತೂಗುತ್ತೆ ಅಂತ ನೋಡೋದೇ ಈಗ ನನ್ನ ಕೆಲಸ."

ಲೆಕ್ಕ ಸಿಕ್ಕಾಗ ನನಗೂ ತಿಳಿಸಿ ಅಂತ ಇಮೇಲ್ ಬರೆದುಕೊಟ್ಟೆ.