ಬಾಗಿಲ ಹೊರಗಿನ ಬುಧವಾರ

"ಇದರಲ್ಲಿ ಏನಿದೆ?"

"ನೀರು."

"ನೀರು ಇಡುವ ಹಾಗಿಲ್ಲ."

ಹುಡುಗಿ ನನ್ನ ಮುಖ ನೋಡಿದಳು. ನೀರಿನಿಂದ ಫ್ಲೋರೈಡ್ ತೆಗೆಯುವ ಸಾಧನ ಮಾಡಿ, ಒಂದೂವರೆ ದಿನ ವಿಮಾನಗಳಲ್ಲಿ ಕೂತು, ಲಾಸ್ ಏಂಜಲೀಸಿನವರೆಗೆ ಹೊತ್ತು ತಂದವಳಿಗೆ ಅದರೊಳಗೆ ಒಂದು ಲೋಟ ನೀರೂ ಇರಬಾರದು ಅಂದರೆ ಹೇಗಾಗಬೇಡ? ಪರೀಕ್ಷಕಿ ನಗುಮುಖದವರು. ಆದರೆ ನಿಯಮದ ವಿಷಯದಲ್ಲಿ ನಗು ನಡೆಯುವುದಿಲ್ಲ ಎಂಬುದು ಅವರ ಕೈಯಲ್ಲಿದ್ದ ಪಟ್ಟಿ ನೋಡಿದರೇ ತಿಳಿಯುತ್ತಿತ್ತು. ರಾಸಾಯನಿಕಗಳು ನಿಷಿದ್ಧ, ನೀರೂ ಸೇರಿ. ಮಣ್ಣು, ಮರಳು, ಕಲ್ಲು ನಿಷಿದ್ಧ. ಜೀವಿಗಳು, ಗಿಡದ ಒಣಗಿದ ಎಲೆ, ಆಹಾರ, ಗಾಜು, ಚೂಪಾದ ವಸ್ತು, ಎಲ್ಲಕ್ಕೂ ಅಡ್ಡಗೆರೆ. ಹಿಂದೆ ಗೆದ್ದ ಪದಕ, ದೇಶದ ಬಾವುಟ, ಸಹಾಯ ಮಾಡಿದವರಿಗೆ "ಧನ್ಯವಾದ" ಎಂಬ ಒಂದು ಸಾಲು ಕೂಡ ಫಲಕದ ಮೇಲೆ ಇರಕೂಡದು.

ಅವಳು ಕೊಳವೆಯನ್ನು ಎತ್ತಿಕೊಂಡು ಶೌಚಾಲಯಕ್ಕೆ ಹೋಗಿ ನೀರು ಚೆಲ್ಲಿ, ಟಿಶ್ಯೂ ಕಾಗದದಿಂದ ಒರೆಸಿ ತಂದಳು. ಆ ವಾರವೆಲ್ಲ ಅದು ಒಣಗಿಯೇ ಇತ್ತು.

2024ರ ಮೇ ತಿಂಗಳು. ಲಾಸ್ ಏಂಜಲೀಸ್ ಕನ್ವೆನ್ಷನ್ ಸೆಂಟರಿನಲ್ಲಿ ನಡೆದ ಅಂತಾರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳ. ಒಳಗಿನವರೆಲ್ಲ ಅದನ್ನು "ಐಸೆಫ್" ಅನ್ನುತ್ತಾರೆ. ಹೈಸ್ಕೂಲು ಮಕ್ಕಳ ವಿಜ್ಞಾನ ಮೇಳಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ: ಸುಮಾರು 70 ದೇಶಗಳಿಂದ ಸಾವಿರದೈನೂರಕ್ಕೂ ಹೆಚ್ಚು ಮಕ್ಕಳು, ಬಹುಮಾನ ಮತ್ತು ವಿದ್ಯಾರ್ಥಿವೇತನಗಳ ಒಟ್ಟು ಮೊತ್ತ 90 ಲಕ್ಷ ಡಾಲರಿಗೂ ಮೇಲೆ. ನಾನು ಹೋದದ್ದು ಒಬ್ಬ ಹುಡುಗಿಯ ಜೊತೆಗಾರ ಶಿಕ್ಷಕನಾಗಿ. ಕಾಗದಪತ್ರದ ಭಾಷೆಯಲ್ಲಿ ಹೇಳುವುದಾದರೆ ಅವಳ "ಅಡಲ್ಟ್ ಸ್ಪಾನ್ಸರ್". ಹೆಸರು ಕೇಳಿ ದುಡ್ಡು ಕೊಡುವವನು ಅಂದುಕೊಳ್ಳಬೇಡಿ. ಸಹಿ ಹಾಕುವವನು, ಅಷ್ಟೆ.

ಈ ಸಹಿಯ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಮೇಳ ಅಂದರೆ ಸಭಾಂಗಣ, ಸಾಲುಸಾಲು ಫಲಕ, ಓಡಾಡುವ ಮಕ್ಕಳು ಎಂದೇ ನಾನೂ ಅಂದುಕೊಂಡಿದ್ದೆ. ನಿಜವಾದ ಮೇಳ ಅದಕ್ಕೂ ಒಂದು ವರ್ಷ ಮೊದಲೇ, ದಿನಾಂಕಗಳಲ್ಲಿ ನಡೆದು ಮುಗಿದಿರುತ್ತದೆ. ಪ್ರಯೋಗ ಶುರುವಾಗುವ ಮುನ್ನವೇ ಸಂಶೋಧನಾ ಯೋಜನೆ ಬರೆಯಬೇಕು. ನಾನು ಅದನ್ನು ಓದಿ ಒಂದನೇ ಫಾರ್ಮಿಗೆ ಸಹಿ ಹಾಕಬೇಕು, ವಿದ್ಯಾರ್ಥಿ ಮತ್ತು ಪೋಷಕರು ಒಂದು-ಬಿ ಫಾರ್ಮಿಗೆ. ಅಪಾಯದ ಕೆಲಸವಿದ್ದರೆ ಮೂರನೇ ಫಾರ್ಮು. ಮನುಷ್ಯರ ಮೇಲೆ ಅಧ್ಯಯನವಾದರೆ ನಾಲ್ಕು, ಬೆನ್ನೆಲುಬಿನ ಪ್ರಾಣಿಗಳಾದರೆ ಐದು, ಸೂಕ್ಷ್ಮಜೀವಿ ಅಥವಾ ಅಂಗಾಂಶವಾದರೆ ಆರು. ಹಳೆಯ ಯೋಜನೆಯನ್ನೇ ಮುಂದುವರಿಸಿದ್ದರೆ ಏಳು. ಮನುಷ್ಯರು, ಪ್ರಾಣಿಗಳು, ಸೂಕ್ಷ್ಮಜೀವಿಗಳು ಬಂದ ಕಡೆಯೆಲ್ಲ ಸಮಿತಿಯೊಂದು ಮೊದಲೇ ಒಪ್ಪಿರಬೇಕು. ಆ "ಮೊದಲೇ" ಎಂಬ ಪದದಲ್ಲಿ ಇಡೀ ಮೇಳ ನಿಂತಿದೆ.

ನನಗೆ ಗೊತ್ತಿದ್ದ ಇನ್ನೊಬ್ಬ ಹುಡುಗನಿದ್ದ. ನಿದ್ದೆಗೂ ನೆನಪಿಗೂ ಏನು ಸಂಬಂಧ ಎಂದು ಸಹಪಾಠಿಗಳಿಗೆ ಪ್ರಶ್ನಾವಳಿ ಹಂಚಿ, ಚೆಂದವಾಗಿ ಲೆಕ್ಕ ಹಾಕಿ, ಆಮೇಲೆ ಒಪ್ಪಿಗೆಗೆ ಹೋದ. ಪ್ರಶ್ನಾವಳಿಯೂ ಮಾನವ ಅಧ್ಯಯನವೇ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಇದ್ದೆ ಅನ್ನುವುದನ್ನೂ ಇಲ್ಲೇ ಬರೆದುಬಿಡುತ್ತೇನೆ. ಅವನ ಕೆಲಸ ಮೊದಲ ಸುತ್ತಿನಲ್ಲೇ ನಿಂತಿತು. ಹಾಗಾಗಿ ಈ ಹುಡುಗಿಯ ಜೊತೆ ನಾನು ದಿನಾಂಕಗಳನ್ನು ಜ್ಯೋತಿಷಿಯ ಹಾಗೆ ಕೂತು ನೋಡಿದೆ.

ಇಲ್ಲಿಗೆ ಯಾರೂ ನೇರವಾಗಿ ಅರ್ಜಿ ಹಾಕಿ ಬರುವಂತಿಲ್ಲ. ಜಗತ್ತಿನಾದ್ಯಂತ ಮುನ್ನೂರಕ್ಕೂ ಹೆಚ್ಚು ಸಂಯೋಜಿತ ಮೇಳಗಳಿವೆ, ಜಿಲ್ಲೆಯದು, ರಾಜ್ಯದ್ದು, ದೇಶದ್ದು. ಅಲ್ಲಿ ಗೆದ್ದವರು ಮಾತ್ರ ಬರುತ್ತಾರೆ. ಒಂಬತ್ತರಿಂದ ಹನ್ನೆರಡನೇ ತರಗತಿಯವರು, ವಯಸ್ಸು ಇಪ್ಪತ್ತು ಮುಟ್ಟಿರಬಾರದು. ಒಬ್ಬರೇ ಬರಬಹುದು, ತಂಡವಾದರೆ ಗರಿಷ್ಠ ಮೂವರು. ಪ್ರಯೋಗದ ಅವಧಿ ಹನ್ನೆರಡು ತಿಂಗಳು ದಾಟಬಾರದು. ಬರೆದ ಸಾರಾಂಶ 250 ಪದ ಮೀರಬಾರದು. ಅವಳು ಮೊದಲು ಬರೆದದ್ದು ನಾನೂರು ಪದಗಳಿದ್ದವು. ಕತ್ತರಿಸುತ್ತಾ ಹೋದಂತೆ ತಾನು ಏನು ಮಾಡಿದ್ದೇನೆ ಎಂಬುದು ಅವಳಿಗೇ ಸ್ಪಷ್ಟವಾಯಿತು ಎಂದು ನನ್ನ ಅನುಮಾನ.

ತಪಾಸಣೆಗೆ ಮರಳಿ ಬರೋಣ. ಫಲಕ 122 ಸೆಂಟಿಮೀಟರ್ ಅಗಲ, 76 ಆಳ, ನೆಲದಿಂದ 274 ಎತ್ತರ ಮೀರಬಾರದು. ನಮ್ಮದು ಅಗಲದಲ್ಲಿ 120. ಆದರೂ ಟೇಪು ಹಿಡಿದಾಗ ಎದೆ ಡವಡವ ಅಂದಿತು. ಅಳತೆಯಲ್ಲಿ ಪಾಸು. ಸಿಕ್ಕಿಬಿದ್ದದ್ದು ಚಿತ್ರಗಳಲ್ಲಿ. ಪ್ರತಿ ಫೋಟೋ, ಪ್ರತಿ ಗ್ರಾಫಿನ ಕೆಳಗೂ ಅದು ಯಾರದ್ದು ಎಂದು ಬರೆದಿರಬೇಕು. "ಈ ಗ್ರಾಫ್ ಯಾರು ಮಾಡಿದ್ದು?" "ನಾನೇ." "ಹಾಗಾದರೆ ಹಾಗಂತ ಬರೆಯಿರಿ." ಎರಡು ಗ್ರಾಫುಗಳ ಕೆಳಗೆ ಅವಳು ಪುಟ್ಟ ಚೀಟಿಗಳಲ್ಲಿ ಬರೆದು ಅಂಟಿಸಿದಳು. ಅಚ್ಚುಕಟ್ಟಾದ ಮುದ್ರಣದ ನಡುವೆ ಆ ಎರಡು ಕೈಬರಹದ ಚೀಟಿಗಳು ಮದುವೆಮನೆಯಲ್ಲಿ ಮನೆಬಟ್ಟೆಯಲ್ಲೇ ಬಂದ ನೆಂಟರ ಹಾಗೆ ಕಾಣುತ್ತಿದ್ದವು. ಪರೀಕ್ಷಕಿ ಸಹಿ ಹಾಕಿದರು. ಆ ಸಹಿ ಇಲ್ಲದೆ ತೀರ್ಪುಗಾರರ ಮುಂದೆ ನಿಲ್ಲುವಂತಿಲ್ಲ.

ಪಕ್ಕದ ಮೇಜಿನವನ ಫಲಕದ ಬಳಿ ಒಂದು-ಸಿ ಫಾರ್ಮು ನಿಂತಿತ್ತು. ವಿಶ್ವವಿದ್ಯಾಲಯದಂಥ ಸಂಸ್ಥೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು ಅದನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ವಿದ್ಯಾರ್ಥಿ ಮಾಡಿದ್ದೆಷ್ಟು, ಲ್ಯಾಬಿನವರು ಮಾಡಿದ್ದೆಷ್ಟು ಎಂಬುದು ಅದರಲ್ಲಿ ಇರುತ್ತದೆ. ನನಗೆ ಈ ಮೇಳದಲ್ಲಿ ತುಂಬ ಹಿಡಿಸಿದ ನಿಯಮ ಇದು. ಕೋಟಿಗಟ್ಟಲೆ ಬೆಲೆಯ ಯಂತ್ರದ ಪಕ್ಕ ಬೆಳೆದ ಯೋಜನೆಯೂ ಅಡುಗೆಮನೆಯ ಕಟ್ಟೆಯ ಮೇಲೆ ಬೆಳೆದದ್ದೂ ಒಂದೇ ಸಾಲಿನಲ್ಲಿ ನಿಂತಾಗ ಅಂತರ ಇದ್ದೇ ಇರುತ್ತದೆ. ಆ ಅಂತರವನ್ನು ಕಾಗದ ಅಳಿಸುವುದಿಲ್ಲ, ಆದರೆ ಮುಚ್ಚಿಡಲೂ ಬಿಡುವುದಿಲ್ಲ.

ಭಾನುವಾರದ ಪಿನ್ ವಿನಿಮಯದ ಗದ್ದಲವನ್ನು ನಾನು ದೂರದಿಂದಲೇ ನೋಡಿದೆ. ತಮ್ಮ ತಮ್ಮ ನಾಡಿನ ಪುಟ್ಟ ಬಿಲ್ಲೆಗಳನ್ನು ಕೊಟ್ಟು ಇನ್ನೊಬ್ಬರದ್ದು ಪಡೆಯುವ ಸಂತೆ ಅದು. ಭಾಷೆ ಬೇಕಿಲ್ಲ. ಹುಡುಗಿ ಕೊರಳ ಪಟ್ಟಿಯ ತುಂಬ ಪಿನ್ನು ಚುಚ್ಚಿಕೊಂಡು ಬಂದಳು, ನಡೆದರೆ ಕಿಣಿಕಿಣಿ.

ಬುಧವಾರ, ಮೇ 15. ತೀರ್ಪಿನ ದಿನ. ಬೆಳಿಗ್ಗೆ ಅವಳನ್ನು ಸಭಾಂಗಣದ ಬಾಗಿಲವರೆಗೆ ಬಿಟ್ಟೆ. ಅಲ್ಲಿಂದ ಮುಂದೆ ದೊಡ್ಡವರಿಗೆ ಪ್ರವೇಶವಿಲ್ಲ. ಮಕ್ಕಳು, ತೀರ್ಪುಗಾರರು, ಬೇಕಾದವರಿಗೆ ದುಭಾಷಿಗಳು, ಮೇಳ ನಡೆಸುವವರು, ಇಷ್ಟೇ ಜನ ಒಳಗೆ. ಶಿಕ್ಷಕರು, ತಾಯಿ-ತಂದೆ, ಮಾರ್ಗದರ್ಶಕ ವಿಜ್ಞಾನಿಗಳು ಎಲ್ಲರೂ ಹೊರಗೆ. ಪ್ರವಾಸ ಕಥನ ಬರೆಯುವವನಿಗೆ ಇದಕ್ಕಿಂತ ಪೇಚು ಬೇರೆ ಇಲ್ಲ: ಯಾವುದನ್ನು ನೋಡಲು ಇಷ್ಟು ದೂರ ಬಂದೆನೋ ಅದೊಂದನ್ನೇ ನೋಡಲಿಲ್ಲ.

ಹೊರಗೆ ಆಕಾಶ ಬೂದಿ ಬಳಿದ ಹಾಗಿತ್ತು. ಈ ಕರಾವಳಿಯಲ್ಲಿ ಮೇ ತಿಂಗಳಲ್ಲಿ ಕಡಲಿನಿಂದ ಮೋಡ ಬಂದು ಬೆಳಗೆಲ್ಲ ಕವುಚಿಕೊಳ್ಳುತ್ತದೆ, ಅದಕ್ಕೆ "ಮೇ ಗ್ರೇ" ಎಂದೇ ಹೆಸರು. ಫಿಗರೋವಾ ಬೀದಿ ಹಿಡಿದು ದಕ್ಷಿಣಕ್ಕೆ ನಡೆದೆ. ಎಕ್ಸ್‌ಪೊಸಿಷನ್ ಪಾರ್ಕಿನಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಇದೆ, ಅದನ್ನಾದರೂ ನೋಡೋಣ ಎಂಬ ಆಸೆ. ಹೋಗಿ ಕೇಳಿದರೆ ಅದೇ ಜನವರಿಯಲ್ಲಿ ನೌಕೆಯನ್ನು ಎತ್ತಿ, ಉಡಾವಣೆಗೆ ನಿಂತ ಹಾಗೆ ನೆಟ್ಟಗೆ ನಿಲ್ಲಿಸಿದ್ದಾರೆ, ಈಗ ಅದರ ಸುತ್ತ ಕಟ್ಟಡ ಏಳುತ್ತಿದೆ, ನೋಡುವಂತಿಲ್ಲ. ಒಂದೇ ದಿನ ಎರಡು ಮುಚ್ಚಿದ ಬಾಗಿಲು. ಬಂದ ದಾರಿಯಲ್ಲೇ ವಾಪಸಾದೆ.

ಮಧ್ಯಾಹ್ನ ಕನ್ವೆನ್ಷನ್ ಸೆಂಟರಿನ ಗಾಜಿನ ಮೊಗಸಾಲೆಯಲ್ಲಿ ನನ್ನಂಥ ಬಹಿಷ್ಕೃತರು ಗುಂಪುಗಟ್ಟಿ ಕೂತಿದ್ದರು. ಒಳಗೆ ಏನು ನಡೆಯುತ್ತದೆ ಎಂದು ನನಗೆ ತಿಳಿಸಿದ್ದು ಅಲ್ಲಿ ಸಿಕ್ಕ ಒಬ್ಬ ಹಿರಿಯ ಶಿಕ್ಷಕಿ. ತೀರ್ಪುಗಾರರೆಲ್ಲ ಸ್ವಯಂಸೇವಕರು, ಪಿಎಚ್‌ಡಿ ಆದವರು ಅಥವಾ ಆ ಕ್ಷೇತ್ರದಲ್ಲಿ ಕನಿಷ್ಠ ಆರು ವರ್ಷ ದುಡಿದವರು. ಹಿಂದಿನ ದಿನವೇ, ಮಕ್ಕಳಿಲ್ಲದ ಸಭಾಂಗಣದಲ್ಲಿ ಅವರು ಫಲಕಗಳನ್ನು ಓದಿ ಹೋಗಿರುತ್ತಾರೆ. ಸಂದರ್ಶನ ಒಂದೊಂದೂ ಹದಿನೈದು ನಿಮಿಷ. ಪ್ರಾಣಿಶಾಸ್ತ್ರದಿಂದ ರೋಬಾಟಿನವರೆಗೆ ಇಪ್ಪತ್ತಕ್ಕೂ ಹೆಚ್ಚು ವಿಭಾಗಗಳಿವೆ, ಸ್ಪರ್ಧೆ ವಿಭಾಗದೊಳಗೆ. ನೂರು ಅಂಕಗಳಲ್ಲಿ ಸಂಶೋಧನಾ ಪ್ರಶ್ನೆಗೆ 10, ವಿಧಾನಕ್ಕೆ 15, ಮಾಡಿದ ರೀತಿಗೆ 20, ಸೃಜನಶೀಲತೆಗೆ 20, ಫಲಕಕ್ಕೆ 10, ಸಂದರ್ಶನಕ್ಕೆ 25. ಫಲಕಕ್ಕೆ ಬರೀ ಹತ್ತು ಎಂದು ಕೇಳಿ ನಾನು ಹೊಟ್ಟೆ ಹಿಡಿದುಕೊಂಡೆ. ನಾವು ಮೂರು ವಾರ ಬಣ್ಣ ಆರಿಸುತ್ತ ಕೂತಿದ್ದೆವು.

ಸಂಜೆ ಮಕ್ಕಳು ಹೊರಬಿದ್ದ ಮೇಲೆ ತೀರ್ಪುಗಾರರು ವಿಭಾಗವಾರು ಕೂತು ವಾದ ಮಾಡುತ್ತಾರೆ. ಬರೀ ಅಂಕ ಕೂಡಿಸಿ ಮುಗಿಸುವ ಲೆಕ್ಕವಲ್ಲ ಅದು. ಒಬ್ಬರು ಮೆಚ್ಚಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸಬೇಕು. ಇದಲ್ಲದೆ ನಾಸಾದಂಥ ಹತ್ತಾರು ಸಂಸ್ಥೆಗಳು ತಮ್ಮದೇ ತೀರ್ಪುಗಾರರನ್ನು ಕಳಿಸಿ, ತಮ್ಮದೇ ಮಾನದಂಡದಿಂದ ವಿಶೇಷ ಬಹುಮಾನ ಕೊಡುತ್ತವೆ.

ಇದೆಲ್ಲ 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಮೂವತ್ತು ಮಕ್ಕಳಿಂದ ಶುರುವಾಯಿತಂತೆ. 1958ರಲ್ಲಿ ಜಪಾನ್, ಕೆನಡಾ, ಜರ್ಮನಿ ಸೇರಿ ಅಂತಾರಾಷ್ಟ್ರೀಯವಾಯಿತು. ನಡೆಸುವುದು ಸೊಸೈಟಿ ಫಾರ್ ಸೈನ್ಸ್ ಎಂಬ, 1921ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ. ಹೆಸರಿನ ಮುಂದೆ ನಿಲ್ಲುವ ಪ್ರಾಯೋಜಕ ಮಾತ್ರ ಬದಲಾಗುತ್ತಾನೆ: 1997ರಿಂದ 2019ರವರೆಗೆ ಇಂಟೆಲ್, ಆಮೇಲೆ ರೀಜೆನೆರಾನ್. ಆತಿಥ್ಯದ ನಗರವೂ ಬದಲಾಗುತ್ತದೆ. ಹಿಂದಿನ ವರ್ಷ ಡಲ್ಲಾಸ್, ಅದಕ್ಕೂ ಹಿಂದೆ ಅಟ್ಲಾಂಟಾ.

ಹಿರಿಯ ಶಿಕ್ಷಕಿಗೆ ಈ ಪದ್ಧತಿಯ ಮೇಲೆ ಪೂರ್ತಿ ಪ್ರೀತಿ ಇರಲಿಲ್ಲ. ಅವರು ಎಕ್ಸ್‌ಪೊ-ಸೈನ್ಸಸ್ ಮೇಳಗಳಿಗೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದವರು. 1987ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಹುಟ್ಟಿದ ಮಿಲ್‌ಸೆಟ್ ಎಂಬ ಯುವಜನರ ವಿಜ್ಞಾನ ಚಳವಳಿ ಎರಡು ವರ್ಷಕ್ಕೊಮ್ಮೆ ಅದನ್ನು ನಡೆಸುತ್ತದೆ. ಅಲ್ಲಿ ಶ್ರೇಯಾಂಕವಿಲ್ಲ, ತೋರಿಸುವುದು, ಮಾತಾಡುವುದು, ಊರು ನೋಡುವುದು. "ಅಲ್ಲಿ ಮಕ್ಕಳು ಪಕ್ಕದವರ ಫಲಕ ಓದುತ್ತಾರೆ. ಇಲ್ಲಿ ಗುರುವಾರದವರೆಗೆ ತಮ್ಮದನ್ನೇ ಓದುತ್ತಾರೆ," ಅಂದರು. ಹಾಗಾದರೆ ಇಲ್ಲಿಗೆ ಯಾಕೆ ಬರುತ್ತೀರಿ ಅಂದೆ. "ಒಳಗೆ ನಮ್ಮನ್ನು ಬಿಡುವುದಿಲ್ಲವಲ್ಲ, ಅದಕ್ಕೆ," ಅಂದರು. ಮೊದಲು ತಮಾಷೆ ಅನ್ನಿಸಿತು. ನಮ್ಮ ಹುಡುಗಿಯ ಜೊತೆ ಯಾರು ಪ್ರಶ್ನೆ ಕೇಳಿದರೂ ಅವಳಿಗಿಂತ ಮೊದಲು ಬಾಯಿ ತೆರೆಯುವವನು ನಾನೇ ಎಂದು ನೆನಪಾದಾಗ ತಮಾಷೆ ನಿಂತಿತು.

ಸಂಜೆ ಹೊರಬಂದವಳು ಮೊದಲು ಶೂ ಬಿಚ್ಚಿದಳು. ಏಳು ಸಂದರ್ಶನ, ನಡುವೆ ಬಂದುಹೋದವರು ಬೇರೆ. ಒಬ್ಬ ತೀರ್ಪುಗಾರ ಕೇಳಿದರಂತೆ: ಕೊಳವೆಯ ಕೆಳಗಿನ ಜೋಡಣೆಯಲ್ಲಿ ನೀರು ಜಿನುಗಿದರೆ ನಿನ್ನ ಅಳತೆ ಎಷ್ಟು ತಪ್ಪುತ್ತದೆ?

"ನೀನೇನು ಹೇಳಿದೆ?"

"ಅದನ್ನು ಪರೀಕ್ಷಿಸಿಲ್ಲ ಅಂದೆ."

ಅವರು ಖುಷಿಯಿಂದ ಬರೆದುಕೊಂಡರಂತೆ. ನಾನಿದ್ದಿದ್ದರೆ ಏನಾದರೂ ಒಂದು ಉತ್ತರ ಹೊಸೆಯುತ್ತಿದ್ದೆ.

ಗುರುವಾರ ಸಾರ್ವಜನಿಕರ ದಿನ. ಬಸ್ಸುಗಳಲ್ಲಿ ಶಾಲೆಯ ಮಕ್ಕಳು ಬಂದರು, ನನಗೂ ಒಳಗೆ ಪ್ರವೇಶ ಸಿಕ್ಕಿತು. ಎಂಟೊಂಬತ್ತು ವರ್ಷದ ಹುಡುಗನೊಬ್ಬ ಕೊಳವೆಯೊಳಗೆ ಇಣುಕಿ, ನೀರು ಎಲ್ಲಿ ಎಂದು ಕೇಳಿದ. ಚೆಲ್ಲಿದೆ ಅಂದಳು. ಅವನಿಗೆ ಈ ಉತ್ತರ ಪೂರ್ತಿ ಸರಿ ಅನ್ನಿಸಿತು, ಮುಂದಿನ ಮೇಜಿಗೆ ಓಡಿದ.

ಶುಕ್ರವಾರ ಬೆಳಿಗ್ಗೆ ಮುಖ್ಯ ಬಹುಮಾನಗಳು. ಸುಮಾರು ಕಾಲು ಭಾಗದವರಿಗೆ ಮೊದಲನೆಯದರಿಂದ ನಾಲ್ಕನೆಯದರವರೆಗೆ ಏನಾದರೂ ಒಂದು ಸಿಗುತ್ತದೆ. ಎಲ್ಲರ ಮೇಲಿನ ಬಹುಮಾನ ಆ ವರ್ಷ 75,000 ಡಾಲರ್ ಇತ್ತು. ನಮ್ಮ ವಿಭಾಗದ ಹೆಸರುಗಳು ಬಂದವು, ಹೋದವು. ಅವಳ ಹೆಸರು ಬರಲಿಲ್ಲ. ಪಕ್ಕದ ಮೇಜಿನವನಿಗೆ ಮೂರನೆಯದು ಬಂದಾಗ ಅವಳು ಎದ್ದು ನಿಂತು ಕೂಗಿದ ಕೂಗಿಗೆ ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ.

ಫಲಕ ಮಡಚಿ, ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ ಹೋಟೆಲಿಗೆ ತಂದೆವು. ಚೀಲ ಕಟ್ಟಿ ಮುಗಿಯಿತೇ ಎಂದು ನೋಡಲು ಹೋದರೆ ಅವಳ ಕೋಣೆಯ ಬಾಗಿಲು ತೆರೆದೇ ಇತ್ತು. ಅವಳೂ ಕೋಣೆ ಹಂಚಿಕೊಂಡ ಇನ್ನೊಂದು ದೇಶದ ಹುಡುಗಿಯೂ ಬಚ್ಚಲ ಸಿಂಕಿನ ಮುಂದೆ ಬಗ್ಗಿದ್ದರು. ಕೊಳವೆ ನೆಟ್ಟಗೆ ನಿಂತಿತ್ತು, ಬಾಯಿಯವರೆಗೆ ನೀರು. ಕೆಳಗಿನ ಜೋಡಣೆಗೆ ಲೋಟ ಒಡ್ಡಿ ಆ ಹುಡುಗಿ ಹನಿ ಎಣಿಸುತ್ತಿದ್ದಳು, ನಮ್ಮವಳು ಫೋನಿನಲ್ಲಿ ಸಮಯ ನೋಡುತ್ತಿದ್ದಳು. ಅವಳ ದಾಖಲೆ ಪುಸ್ತಕ ಹೊಸ ಪುಟಕ್ಕೆ ತೆರೆದಿತ್ತು, ಮೇಲೆ ದಿನಾಂಕ ಹಾಕಿಯಾಗಿತ್ತು.

"ನಿಲ್ಲು ನಿಲ್ಲು," ಅಂದೆ. "ಇದಕ್ಕೆ ಇನ್ನೂ ಸಹಿ ಆಗಿಲ್ಲ."