ಜಿಂಕೆಗಾಗಿ ಕಸಿ

ಅಲಂಕಾರಕ್ಕೆಂದು ನೆಟ್ಟ ಕ್ಯಾಲರಿ ಪೇರ್ ಮರ ಇಲ್ಲಿ ಅಮೆರಿಕದ ಓಹಿಯೋದಲ್ಲಿ ಊರು ಬಿಟ್ಟು ಕಾಡು ಸೇರಿದೆ. ಹಕ್ಕಿಗಳು ಬೀಜ ಹರಡಿ ಪಾಳು ಹೊಲಗಳೆಲ್ಲ ಮುಳ್ಳುಪೊದೆ. 2023ರಿಂದ ಅದರ ಮಾರಾಟವೇ ನಿಷಿದ್ಧ. ನಮ್ಮ ನೆರೆಯ ಬೇಟೆಗಾರರು ಜಿಂಕೆಗಳನ್ನು ಹಣ್ಣಿನಿಂದ ಸೆಳೆಯಲು ಅದೇ ಕಾಡುಮರಕ್ಕೆ ಕೀಫರ್ ಎಂಬ ಪೇರ್ ತಳಿಯ ಕಸಿ ಕಟ್ಟುತ್ತಾರೆ. ಚಳಿಗಾಲದಲ್ಲಿ ಕತ್ತರಿಸಿದ ಕೀಫರ್ ಕಡ್ಡಿಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್‌ನಲ್ಲಿಡುತ್ತಾರೆ. ವಸಂತದಲ್ಲಿ ಮರಕ್ಕೆ ರಸವೇರಿ ತೊಗಟೆ ಸಡಿಲವಾದಾಗ ಕಾಂಡವನ್ನು ಅಡ್ಡಕ್ಕೆ ಕೊಯ್ದು, ತೊಗಟೆಯ ಒಳಗೆ ಕಡ್ಡಿ ಇಳಿಸಿ ಬಿಗಿಯಾಗಿ ಕಟ್ಟುತ್ತಾರೆ. ಕಸಿಯ ಕೆಳಗೆ ಬರುವ ಕಾಡು ಚಿಗುರನ್ನು ಚಿವುಟುತ್ತಲೇ ಇರಬೇಕು. ಸುತ್ತ ತಂತಿಬಲೆಯೂ ಬೇಕು, ಇಲ್ಲವಾದರೆ ಎಳೆಚಿಗುರನ್ನು ಜಿಂಕೆಯೇ ಮೇಯುತ್ತದೆ! ಯಾರಿಗಾಗಿ ಮರವೋ ಅವರಿಂದಲೇ ವರ್ಷಗಟ್ಟಲೆ ಕಾವಲು.

ಕೀಫರ್ ತಡವಾಗಿ ಮಾಗುತ್ತದೆ. ಬಿಲ್ಲು ಬೇಟೆಯ ಶರತ್ಕಾಲದಲ್ಲಿ ಹಣ್ಣು ಉದುರಿದರೆ ಬಿಳಿಬಾಲದ ಜಿಂಕೆಗಳು ಹುಡುಕಿಕೊಂಡು ಬರುತ್ತವೆ. ಬೇಟೆಯನ್ನು ಒಪ್ಪಲು ನನ್ನ ಮನಸ್ಸಿಗೆ ಇನ್ನೂ ಆಗಿಲ್ಲ. ಆದರೂ ಜಿಂಕೆಯನ್ನು ಹಿಡಿಯುವ ತೋಳವೂ ಪೂಮಾ ಎಂಬ ದೊಡ್ಡ ಕಾಡುಬೆಕ್ಕೂ ಅಳಿದುಹೋದ ಈ ನಾಡಿನಲ್ಲಿ, ಒಂದು ಜಿಂಕೆಗಾಗಿ ಇಷ್ಟು ವರ್ಷ ಮರ ಸಾಕುವವರ ತಾಳ್ಮೆಯನ್ನು ಕಂಡು ಗೌರವ ಹುಟ್ಟಿದೆ. ನಮ್ಮ ಹಿತ್ತಲಿಗೂ ಎರಡು ಕಡ್ಡಿ ಕೇಳಿದ್ದೇನೆ. ಗಟ್ಟಿ ಹಣ್ಣು, ಮುರಬ್ಬಕ್ಕೆ ಬಹಳ ಒಳ್ಳೆಯದು.