ಮೊಂತಿ ಹಬ್ಬವೂ ಮಲ್ಲಿಗೆಯ ಲೆಕ್ಕವೂ

ಮಳೆಗಾಲದ ಕೊನೆಗೆ ಮಲ್ಲಿಗೆ ಗಿಡ ಸೊರಗಿರುತ್ತದೆ. ಎಲೆ ಹಳದಿ, ಮೊಗ್ಗು ಬೆರಳೆಣಿಕೆ. ಬೇಸಗೆಯಲ್ಲಿ ಬುಟ್ಟಿಗಟ್ಟಲೆ ಕೊಯ್ದರೂ ದರ ಸಿಗದ ಹೂವಿಗೆ ಅಷ್ಟಮಿ, ಚೌತಿಯ ಹೊತ್ತಿಗೆ ಎಲ್ಲಿಲ್ಲದ ಬೇಡಿಕೆ. ಕರಾವಳಿಯ ಕೊಂಕಣಿ ಕ್ರೈಸ್ತರಾದ ನಮ್ಮ ಮೊಂತಿ ಹಬ್ಬವೂ, ಅಂದರೆ ಮರಿಯಮ್ಮನ ಹುಟ್ಟುಹಬ್ಬವೂ, ಆಗಲೇ. 2024ರಲ್ಲಂತೂ ಸೆಪ್ಟೆಂಬರ್ 7ಕ್ಕೆ ಚೌತಿ, 8ಕ್ಕೆ ಮೊಂತಿ, ಅದೂ ಭಾನುವಾರ. ಹೂವಿನ ವ್ಯಾಪಾರ ಮಾಡುವ ಕ್ರೈಸ್ತ ಹೆಂಗಸಿಗೆ ಒಳ್ಳೆಯ ದುಡ್ಡು ಬರುವ ದಿನಗಳೂ ಹೆಚ್ಚು ಪ್ರಾರ್ಥಿಸಬೇಕಾದ ದಿನಗಳೂ ಒಟ್ಟೊಟ್ಟಿಗೆ ಬರುತ್ತವೆ. ಇದು ದೇವರೇ ಮಾಡಿದ ಏರ್ಪಾಡು ಅಂತ ನಾನು ನಂಬಿದ್ದೇನೆ.

ಉಡುಪಿ ಜಿಲ್ಲೆಯ ಶಂಕರಪುರ, ಶಿರ್ವದ ಸುತ್ತಮುತ್ತ ಎಷ್ಟೋ ಕ್ರೈಸ್ತ ಮನೆಗಳ ಅಂಗಳದಲ್ಲಿ ಮಲ್ಲಿಗೆ ಗಿಡಗಳಿವೆ. ಭೌಗೋಳಿಕ ಸೂಚಕದ ಪಟ್ಟಿಯಲ್ಲಿ ಇದರ ಹೆಸರು ಉಡುಪಿ ಮಲ್ಲಿಗೆ. ಊರವರ ಬಾಯಲ್ಲಿ ಶಂಕರಪುರ ಮಲ್ಲಿಗೆ. ಗೊಬ್ಬರ ಹಾಕುವುದು, ಎಲೆ ಸವರುವುದು, ಬೆಳಕು ಹರಿಯುವ ಮೊದಲೇ ಕೊಯ್ಯುವುದು, ಕಟ್ಟುವುದು, ಹೆಚ್ಚಿನ ಮನೆಗಳಲ್ಲಿ ಎಲ್ಲ ಹೆಂಗಸರದ್ದೇ. ಮಕ್ಕಳ ಫೀಸು, ಮಗಳ ಮದುವೆಯ ಚಿನ್ನ, ಮನೆಗೆ ಹೊಸ ಮಾಡು, ಹೂವಿನ ದುಡ್ಡಿನಲ್ಲೇ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮ ಮನೆಯಲ್ಲಿ ಅತ್ತೆ ನೆಟ್ಟ ಗಿಡಗಳ ಜೊತೆ ನಾನೂ ಒಂದಿಷ್ಟು ನೆಟ್ಟೆ. ಆಮೇಲೆ ಅಕ್ಕಪಕ್ಕದ ಮನೆಗಳ ಹೂವನ್ನೂ ತಂದು, ನಾಲ್ಕಾರು ಹೆಂಗಸರನ್ನು ಕೂರಿಸಿ ಕಟ್ಟಿಸಿ, ಕಟ್ಟೆಗೆ, ಅಂದರೆ ಮಲ್ಲಿಗೆ ಕೊಳ್ಳುವ ಮಾರುಕಟ್ಟೆಗೆ, ಮುಟ್ಟಿಸುವ ಕೆಲಸ ಹಿಡಿದೆ. ಹೂ ಕಟ್ಟುವ ಜಗಲಿಯಲ್ಲಿ ನನ್ನ ಜೊತೆ ಕೂರುವವರು ಎಲ್ಲ ಜಾತಿ ಮತದವರು.

ಈ ವ್ಯಾಪಾರದ ಜೀವ ಇರುವುದು ಎಣಿಕೆಯಲ್ಲಿ. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200. ದಿನದಿನದ ದರ ಕಟ್ಟೆಯಲ್ಲಿ ನಿಗದಿಯಾಗುತ್ತದೆ. ನಮ್ಮ ಕೈಯಲ್ಲಿರುವುದು ಎಣಿಕೆ ಮಾತ್ರ. ಆದರೆ ಕೊಂಡವರು ಯಾರು ಬಾಳೆಲೆ ಬಿಚ್ಚಿ ಮೊಗ್ಗು ಎಣಿಸುತ್ತಾರೆ? ಮುಂಬೈಗೆ ಹೋದ ಹೂ, ಮದುಮಗಳ ಜಡೆಗೆ ಹೋದ ಹೂ, ಕಟೀಲಿನ ದೇವಿಗೆ ಹೋದ ಹೂ, ಅದರಲ್ಲಿ ಮೂವತ್ತು ಮೊಗ್ಗು ಕಮ್ಮಿ ಇದ್ದರೆ ತಿಳಿಯುವುದು ಕಟ್ಟಿದ ಕೈಗೆ ಒಂದೇ. ದರ ಏರಿದ ದಿನ ಆ ಮೂವತ್ತು ಮೊಗ್ಗಿಗೂ ಬೆಲೆ ಇದೆ. ಚೀಲದಲ್ಲಿ ಹೆಚ್ಚು ತೂಗುವ ಕಲ್ಲು ಒಂದು, ಕಡಿಮೆ ತೂಗುವ ಕಲ್ಲು ಒಂದು ಇಟ್ಟುಕೊಳ್ಳಬೇಡ ಎಂದು ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯ ಹೇಳುತ್ತದಲ್ಲ, ಆ ಮಾತು ನನ್ನಂಥವರಿಗೆಂದೇ ಬರೆದಿಟ್ಟ ಹಾಗಿದೆ. ದೇವರು ನಮ್ಮ ತಕ್ಕಡಿಯ ತನಕ ಇಳಿದು ಬಂದು ನೋಡುತ್ತಾನೆ ಅನ್ನುವುದು ನನಗೆ ಭಯಕ್ಕಿಂತ ಹೆಚ್ಚಾಗಿ ಗೌರವ ಅನ್ನಿಸುತ್ತದೆ. ಹಳ್ಳಿ ಹೆಂಗಸಿನ ಜಗಲಿಯ ಲೆಕ್ಕ ಅವನಿಗೆ ಸಣ್ಣದಲ್ಲ.

ಹೂ ಕಟ್ಟುವುದನ್ನು ನೋಡದವರಿಗೆ ಹೇಳಬೇಕು. ಬಾಳೆನಾರನ್ನು ನೀರಲ್ಲಿ ನೆನೆಸಿ, ಸಣ್ಣಗೆ ಸೀಳಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತೇವೆ. ಎರಡು ಮೊಗ್ಗು ಈಚೆ, ಎರಡು ಮೊಗ್ಗು ಆಚೆ, ನಾರು ಸುತ್ತಿ ಒಂದು ಬಿಗಿ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಸಡಿಲವಾದರೆ ಮುಡಿಯಲ್ಲೇ ಉದುರುತ್ತದೆ. ನೂರಾಯಿತು ಅನ್ನುವಾಗ ನಾರಿನಲ್ಲಿ ಒಂದು ಸಣ್ಣ ಗುರುತು. ಇದರ ನಡುವೆಯೇ ನನ್ನ ಜಪಸರ ನಡೆಯುತ್ತದೆ. ಮಣಿ ಹಿಡಿಯಲು ಬೆರಳಿಗೆ ಪುರುಸೊತ್ತಿಲ್ಲ, ಹಾಗಾಗಿ ಮೊಗ್ಗಿನ ಲೆಕ್ಕದಲ್ಲೇ ನಮೋ ಮರಿಯ. ಪಕ್ಕದಲ್ಲಿ ಕೂತವರು ಮಾತಾಡುತ್ತಿರುತ್ತಾರೆ, ನಾನೂ ನಡುನಡುವೆ ಉತ್ತರ ಕೊಡುತ್ತೇನೆ. ಚರ್ಚಿನಲ್ಲಿ ಮೊಣಕಾಲೂರಿ ಹೇಳಿದ ಪ್ರಾರ್ಥನೆಗಿಂತ ಇದು ಕಡಿಮೆ ಅಂತ ನನಗೆ ಅನ್ನಿಸಿಲ್ಲ. ನಜರೇತಿನ ಮನೆಯಲ್ಲಿ ಹಿಟ್ಟು ಕಲಸುತ್ತ, ನೀರು ಹೊರುತ್ತ ಇದ್ದ ತಾಯಿಗೆ ಹೀಗೆ ಪ್ರಾರ್ಥಿಸುವುದು ಗೊತ್ತಿದ್ದೇ ಇರುತ್ತದೆ.

ಭಾನುವಾರದ ವಿಷಯಕ್ಕೂ ಒಂದು ಮಾತು. ಮಲ್ಲಿಗೆ ಭಾನುವಾರ ಅಂತ ಅರಳದೆ ನಿಲ್ಲುವುದಿಲ್ಲ. ಸೀಸನ್‌ನಲ್ಲಿ ಚರ್ಚಿನ ಬೆಳಗಿನ ಪೂಜೆಗೆ ಹೋಗಲಾಗದ ದಿನಗಳಿರುತ್ತವೆ, ಆಗ ಶನಿವಾರ ಸಂಜೆಯ ಪೂಜೆಗೆ ಹೋಗುತ್ತೇನೆ. ಧರ್ಮಸಭೆಯೇ ಅದಕ್ಕೆ ಅವಕಾಶ ಕೊಟ್ಟಿದೆ, ಅಳುಕಬೇಕಾಗಿಲ್ಲ.

ವ್ಯಾಪಾರ ಮಾಡುವ ಹೆಂಗಸಿಗೆ ಭಕ್ತಿ ಎಲ್ಲಿಂದ ಬರಬೇಕು ಎಂದು ಕೇಳುವವರಿಗೆ ನಾನು ಬೈಬಲಿನ ಲುದ್ಯಳನ್ನು ತೋರಿಸುತ್ತೇನೆ. ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯದಲ್ಲಿ ಅವಳ ಕತೆ ಕೆಲವೇ ಸಾಲು. ಥುವತೈರ ಎಂಬ ಊರಿನವಳು, ಬೆಲೆಬಾಳುವ ಧೂಮ್ರವರ್ಣದ ಬಟ್ಟೆ ಮಾರುವವಳು, ಇದ್ದದ್ದು ಫಿಲಿಪ್ಪಿಯಲ್ಲಿ. ಸಬ್ಬತ್ ದಿನ ಊರ ಹೊರಗಿನ ನದಿತೀರದಲ್ಲಿ ಹೆಂಗಸರೆಲ್ಲ ಪ್ರಾರ್ಥನೆಗೆ ಸೇರಿದ್ದಾಗ ಸಂತ ಪೌಲನ ಮಾತು ಕೇಳಿದಳು, ದೇವರು ಅವಳ ಹೃದಯವನ್ನು ತೆರೆದ. ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದಳು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನದು. ವ್ಯಾಪಾರ ಬಿಡು ಎಂದು ಪೌಲ ಹೇಳಿದ್ದು ಎಲ್ಲೂ ಬರೆದಿಲ್ಲ. ನನ್ನ ಮನೆಯಲ್ಲೇ ಉಳಿಯಿರಿ ಎಂದು ಅವಳೇ ಪ್ರೇಷಿತರನ್ನು ಬಲವಂತ ಮಾಡಿದಳು. ಆಮೇಲೆ ಅದೇ ಊರಲ್ಲಿ ಸೆರೆಗೆ ಬಿದ್ದು ಹೊರಬಂದ ಪೌಲ, ಅವನ ಜೊತೆಗಾರ ಸೀಲ ಮೊದಲು ಹೋದದ್ದೂ ಅವಳ ಮನೆಗೇ. ವಿಶ್ವಾಸಿಗಳೆಲ್ಲ ಅಲ್ಲಿ ಸೇರಿದ್ದರು. ಬಟ್ಟೆ ಮಾರಿ ಕಟ್ಟಿದ ಮನೆಯಲ್ಲಿ ಒಂದು ಸಭೆ ಬೆಳೆಯಿತು. ನಮ್ಮ ವಾಳೆಯ, ಅಂದರೆ ಚರ್ಚಿಗೆ ಸೇರಿದ ನೆರೆಹೊರೆ ಮನೆಗಳ ಗುಂಪಿನ, ಪ್ರಾರ್ಥನಾಕೂಟ ನನ್ನ ಜಗಲಿಯಲ್ಲಿ ನಡೆಯುವ ದಿನ ನಾರು, ಬುಟ್ಟಿಯೆಲ್ಲ ಮೂಲೆಗೆ ಸರಿಸಿ ಚಾಪೆ ಹಾಸುವಾಗ ಅವಳ ನೆನಪು ಬರುತ್ತದೆ.

ಕೂಲಿಯ ವಿಷಯದಲ್ಲಿ ನಾನು ಗಟ್ಟಿ. ಕಟ್ಟೆಯಿಂದ ನನಗೆ ದುಡ್ಡು ಬರುವುದು ಮುಂದೆ ಹಿಂದೆ ಆಗಬಹುದು, ಅದು ನನ್ನ ತಲೆಬಿಸಿ. ಕಟ್ಟಿದವರ ದುಡ್ಡು ಅಂದಂದೇ ಕೊಡುವುದು. ಹೊತ್ತು ಮುಳುಗುವ ಮೊದಲು ಕೂಲಿ ಕೊಟ್ಟುಬಿಡು, ಅವನು ಬಡವ, ಅದನ್ನೇ ನೆಚ್ಚಿಕೊಂಡಿರುತ್ತಾನೆ ಅನ್ನುತ್ತದೆ ಮೋಶೆಯ ಧರ್ಮಶಾಸ್ತ್ರ. ಸಂಜೆ ಅಂಗಡಿಗೆ ಹೋಗಿ ಅಕ್ಕಿ ತರಬೇಕಾದವಳಿಗೆ ನಾಳೆ ಅಂದರೆ ಏನೆಂದು ಹೆಂಗಸರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಣಿಕೆ ಡಬ್ಬಿಗೆ ಹಾಕುವ ನೋಟು ಕೂಲಿ ಚುಕ್ತಾ ಆದ ಮೇಲೆ ಉಳಿದದ್ದಾಗಿರಬೇಕು, ಇದು ನನ್ನ ಖಚಿತ ಅಭಿಪ್ರಾಯ.

ಆಗಸ್ಟ್ 30ಕ್ಕೆ ಮೊಂತಿಯ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರುವಾಗುತ್ತದೆ. 1763ರಲ್ಲಿ ಮಂಗಳೂರಿನ ಹತ್ತಿರದ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ ಫಾದರ್ ಜೋಕಿಮ್ ಮಿರಾಂದಾ ಈ ಹಬ್ಬಕ್ಕೆ ನಾಂದಿ ಹಾಡಿದರು ಎಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಒಂಬತ್ತು ದಿನವೂ ಮಕ್ಕಳು ತಟ್ಟೆಯಲ್ಲಿ, ಬುಟ್ಟಿಯಲ್ಲಿ ಹೂ ತರುತ್ತಾರೆ. ದಾಸವಾಳ, ಗೊಂಡೆ, ಬೇಲಿಬದಿಯ ಹೆಸರಿಲ್ಲದ ಹೂ, ಸಿಕ್ಕಿದ್ದೆಲ್ಲ. ಪೂಜೆ ಮುಗಿದ ಮೇಲೆ ಹಾಡುತ್ತ ಸಾಲಾಗಿ ಬಂದು ಬಾಲ ಮರಿಯಮ್ಮನ ಮೇಲೆ ಹಿಡಿ ಹಿಡಿಯಾಗಿ ಎರಚುತ್ತಾರೆ. ಅಲ್ಲಿ ನಿಂತಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ವರ್ಷವಿಡೀ ಹೂವನ್ನು ಎಣಿಸಿ, ದರ ಕೇಳಿ, ಗಂಟು ಹಾಕಿ ಕಳಿಸುವವಳು ನಾನು. ಇಲ್ಲಿ ಎಣಿಸದೆ ಕೊಯ್ದ ಹೂ, ಎಣಿಸದೆ ಸುರಿಯುತ್ತಿದೆ, ತಾಯಿ ಎಣಿಸದೆ ತೆಗೆದುಕೊಳ್ಳುತ್ತಿದ್ದಾಳೆ. ಮನುಷ್ಯರಿಗೆ ಕೊಡುವಾಗ 800ಕ್ಕೆ ಒಂದೂ ಕಮ್ಮಿಯಾಗದಂತೆ ಎಣಿಸು, ನನಗೆ ಕೊಡುವಾಗ ಲೆಕ್ಕ ಬೇಡ ಎಂದು ಅವಳು ಹೇಳಿದ ಹಾಗೆ. ಹಬ್ಬದ ದಿನ ನಮ್ಮ ಗಿಡದ ಹೂ ಕಟ್ಟೆಗೆ ಹೋಗುವುದಿಲ್ಲ. ದರ ಎಷ್ಟಿದ್ದರೂ ಸರಿ, ಬಿಡಿ ಮೊಗ್ಗಾಗಿಯೇ ಚರ್ಚಿಗೆ.

ಆ ದಿನ ತೆನೆ ಆಶೀರ್ವಾದ. ಗದ್ದೆ ಇದ್ದವರಿಗೂ ಇಲ್ಲದವರಿಗೂ ಮನೆಗೊಂದು ತೆನೆ. ಮಕ್ಕಳಿಗೆ ಕಬ್ಬು, ಸಿಹಿ. ಮನೆಯಲ್ಲಿ ಪ್ರಾರ್ಥನೆ ಮಾಡಿ, ಹೊಸ ಭತ್ತದ ಕಾಳು ಸುಲಿದು ಪುಡಿಮಾಡಿ, ಹಾಲಿಗೆ ಹಾಕಿ ಎಲ್ಲರೂ ಒಂದೊಂದು ಗುಟುಕು. ಮೀನು ಮಾಂಸ ಇಲ್ಲ. ಬಾಳೆಲೆಯ ಮೇಲೆ ಐದೋ ಏಳೋ ಬಗೆಯ ತರಕಾರಿ, ಬೆಸ ಸಂಖ್ಯೆಯೇ ಆಗಬೇಕು. ಬೆಂಡೆ, ಹೀರೆ, ಹರಿವೆ, ಕೆಸುವಿನ ಎಲೆ ತಪ್ಪುವುದಿಲ್ಲ. ದೂರದಲ್ಲಿರುವ ಮಗನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಹೋಗುತ್ತದೆ. ಸಸ್ಯಾಹಾರವಾದ್ದರಿಂದ ಜಗಲಿಯ ಹೆಂಗಸರೆಲ್ಲ ನಿಶ್ಚಿಂತೆಯಿಂದ ಉಣ್ಣಲು ಬರುತ್ತಾರೆ; ಅವರ ಮನೆಯ ಚೌತಿಯ ಕಡುಬು ನಾನೂ ತಿನ್ನುತ್ತೇನೆ.

ಊಟಕ್ಕೆ ಮೊದಲು ಮನೆಯ ಪೀಠದೆದುರು ನಾನು ಕೇಳಿಕೊಳ್ಳುವುದು ಇಷ್ಟು. ಅಮ್ಮ, ಈ ಮಳೆ ಬೇಗ ಹೊಳವಾಗಲಿ, ಬೇರು ಕೊಳೆಯದಿರಲಿ. ಕೊಯ್ಯುವಾಗ ಹಾವು ಹುಳುವಿನಿಂದ ಕಾಪಾಡು. ಕಟ್ಟುವವರ ಬೆನ್ನುನೋವಿಗೆ ಸ್ವಲ್ಪ ಬಿಡುವು ಕೊಡು, ಅವರ ಮಕ್ಕಳು ಓದಲಿ. ದರ ಇಳಿದ ದಿನ ನನಗೆ ಸಿಡುಕು ಬಾರದಿರಲಿ, ಏರಿದ ದಿನ ಕೈ ಎಣಿಕೆ ತಪ್ಪದಿರಲಿ. ಹೊಸದಾಗಿ ಬಂದ ಸೊಸೆಯಂದಿರು ಗಿಡ ಕೀಳದೆ ಇನ್ನೆರಡು ನೆಡಲಿ. ನಮ್ಮ ಹೂ ಯಾರ ದೇವರ ಪಾದ ಸೇರಿದರೂ, ಯಾರ ಮುಡಿ ಏರಿದರೂ, ಅವರ ಮನೆಗೆ ಒಳ್ಳೆಯದಾಗಲಿ. ನಮ್ಮ ಕೊಂಕಣಿಯಲ್ಲಿ ಹೇಳುವ ಹಾಗೆ, ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.